ಎರಡು ಮನೆ ಮೇಲೆ

"ನಿಮ್ಮ ರಾಗಾನೂ ಚೆನ್ನಾಗೈತೆ ಮೇಷ್ಟ್ರೇ. ಆದ್ರೆ ಮಕ್ಕಳು ರಯೀಸಣ್ಣಂದೇ ಹಾಡ್ತೀವಿ ಅಂತಾವೆ," ಎಂದು ಹೆಡ್ ಮೇಡಂ ನಯನಾ ಹೇಳಿದಾಗ ಯೋಗಾನಂದ ಮೇಷ್ಟ್ರು ನಕ್ಕರು. ನಗದೆ ಇನ್ನೇನು ಮಾಡಿಯಾರು?

ಮಗ್ಗೆ ಕಡೆಯ ಆ ಸಣ್ಣ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಬಿಸಿಯೂಟ ಬೇಯಿಸಿದ ಗಂಗಾಮಣಿ ಶನಿವಾರ ಕೆಲಸ ಬಿಡುತ್ತಿದ್ದಳು. ಬೀಳ್ಕೊಡುಗೆಗೆ ಮಕ್ಕಳೇ ಒಂದೊಂದು ಸಾಲು ಸೇರಿಸಿ ಹಾಡು ಬರೆದಿದ್ದರು. ಅದಕ್ಕೆ ರಾಗ ಹಾಕಲು ಸಂಗೀತದ ಮೇಷ್ಟ್ರು ಎಂಟು ದಿನ ನಿದ್ದೆಗೆಟ್ಟಿದ್ದರು. ಚರಣಕ್ಕೊಂದು ರಾಗ, ನಡುವೆ ತಾಳದ ನಡೆ ಬದಲು, ಸ್ವರವೂ ಸಾಹಿತ್ಯದ ಅಕ್ಷರವೂ ಒಂದೇ ಆಗುವಂತೆ ನಾಲ್ಕು ಕಡೆ ಕಸರತ್ತು. ವಿದ್ವತ್ ಪಾಸಾದವರ ಕೆಲಸ ಎಂದರೆ ಸುಮ್ಮನೆಯೇ? ಮಕ್ಕಳು ನಾಲ್ಕು ದಿನ ತಿಣುಕಿದರೂ ಪಲ್ಲವಿ ದಾಟಲಿಲ್ಲ.

ಆಮೇಲೆ ಬಂದವನು ರಯೀಸ್. ಸಕಲೇಶಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು, ಮೊಬೈಲ್ ನೋಡಿ ಕೀಬೋರ್ಡ್ ಕಲಿತವನು. ಬಂದವನೇ ವೈರು ಸುತ್ತುತ್ತಾ ಗುನುಗಿ ಐದು ಸ್ವರದಲ್ಲಿ ಹಾಡು ಮುಗಿಸಿಬಿಟ್ಟ. ಐದೇ ಐದು! ಇಂಟರ್ವಲ್ ಬೆಲ್ ಹೊಡೆಯುವಷ್ಟರಲ್ಲಿ ಶಾಲೆಗೆ ಶಾಲೆಯೇ ಅದನ್ನು ಹಾಡುತ್ತಿತ್ತು. ಮಕ್ಕಳಿಗೆ ಅದನ್ನು ತಿದ್ದಿಸುವ ಕೆಲಸ ಮೇಷ್ಟ್ರಿಗೇ ಬಿತ್ತು. ತಪ್ಪು ಹುಡುಕಿದರು, ಸಿಗಲಿಲ್ಲ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಸಂಜೆ ಆಲೂರಿನ ಬಸ್ಸಿನಲ್ಲಿ ತಾವೇ ಅದನ್ನು ಗುನುಗುತ್ತಿದ್ದರು. ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ಕೂತರು.

ಶನಿವಾರ ಬೆಳಿಗ್ಗೆ ಹೊಸ ಸೀರೆ ಉಟ್ಟ ಗಂಗಾಮಣಿ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಸೌಟಿಲ್ಲದ ಕೈಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಏಳನೇ ಕ್ಲಾಸಿನ ಚೈತ್ರಶ್ರೀ ಮೈಕಿನ ಮುಂದೆ ನಿಂತಳು, ಉಳಿದ ಮಕ್ಕಳು ಹಿಂದೆ. ಮೇಷ್ಟ್ರು ಹಾರ್ಮೋನಿಯಂ ಎಳೆದುಕೊಂಡರು. ಪ್ರಾಕ್ಟೀಸೆಲ್ಲ ಐದು ಮನೆ ಶ್ರುತಿಯಲ್ಲಿ, ಅಂದರೆ ಐದನೇ ಬಿಳಿ ಪಟ್ಟಿಯನ್ನು 'ಸ' ಮಾಡಿಕೊಂಡು, ಆಗಿತ್ತು. ಬೆರಳು ಆ ಮನೆಗೇ ಹೋಯಿತು, ಒಂದು ಕ್ಷಣ ನಿಂತಿತು, ಅಲ್ಲಿಂದ ಎರಡು ಮನೆ ಮೇಲಕ್ಕೆ ಸರಿಯಿತು. ಆ ಎತ್ತರದಲ್ಲಿ ಕೊನೆಯ ಸಾಲು ಹುಡುಗಿಯ ಗಂಟಲಿಗೆ ಎಟಕುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಟಕದಿರಲಿ. ಐದು ಸ್ವರದ ಬಂಡವಾಳ ಊರಿಗೇ ಕಾಣಲಿ.

ಚೈತ್ರಶ್ರೀ ಗಾಬರಿಯಿಂದ ಮೇಷ್ಟ್ರ ಕಡೆ ನೋಡಿದಳು. ಅವರು ತಲೆ ಎತ್ತಲಿಲ್ಲ. ಹುಡುಗಿ ಹೇಗೋ ಏಗಿಕೊಂಡು ಕೊನೆಯ ಸಾಲಿನವರೆಗೆ ಬಂದಳು. "ಗಂಟೆ ಹೊಡೆದಾಗ ನಾಳೆ ನಮ್ಮನ್ನು ಕರೆಯೋರು..." ಅಲ್ಲಿಗೆ ದನಿ ಒಡೆಯಿತು. 'ಯಾರು' ಎನ್ನುವುದು ಹೊರಡಲೇ ಇಲ್ಲ. ಹಿಂದಿನ ಮಕ್ಕಳೂ ಬಾಯಿ ತೆರೆದುಕೊಂಡು ನಿಂತವು. ಮೇಷ್ಟ್ರ ಎದೆ ಖುಷಿಯಿಂದ ಹೊಡೆದುಕೊಂಡಿತು.

ಗಂಗಾಮಣಿ ದಡಕ್ಕನೆ ಎದ್ದಳು. "ನಾನಿಲ್ವೇನ್ರೋ ಕರಿಯಾಕೆ! ಬರ್ರೋ ಮಕ್ಳಾ, ತಟ್ಟೆ ತಗಂಡ್ ಬರ್ರೋ, ಸಾರು ಆರೋಯ್ತೈತೆ!" ಇಪ್ಪತ್ತೆರಡು ವರ್ಷ ದಿನಾ ಮಧ್ಯಾಹ್ನ ಕೂಗಿದ ಅದೇ ಕೂಗು. ಮಕ್ಕಳು ವೇದಿಕೆಯಿಂದ ಧುಮುಕಿ ಓಡಿಹೋಗಿ ಅವಳ ಸೀರೆಗೆ ಮುಖ ಒತ್ತಿಕೊಂಡವು. ಕೂತವರೆಲ್ಲ ಅತ್ತರು. ಹೆಡ್ ಮೇಡಂ ಸೆರಗನ್ನು ಕಣ್ಣಿಗೆ ಒತ್ತಿದವರು ತೆಗೆಯಲೇ ಇಲ್ಲ. ಮೇಷ್ಟ್ರ ಕೈ ಹಾರ್ಮೋನಿಯಂ ಮೇಲೆ ಇದ್ದಲ್ಲೇ ಇತ್ತು.

ಊಟದ ಹೊತ್ತಿಗೆ ರಯೀಸ್ ನೇರ ಅವರ ಹತ್ತಿರ ಬಂದ. "ಸಾರ್, ಪ್ರಾಕ್ಟೀಸ್ ಐದು ಮನೇಲಿ ಮಾಡ್ಸಿದ್ರಿ. ಇವತ್ತು ಎರಡು ಮನೆ ಏರಿಸ್ಬುಟ್ರಿ. ನಾ ನೋಡ್ದೆ."

ಮೇಷ್ಟ್ರು ಎತ್ತಿದ ತುತ್ತನ್ನು ಕೆಳಗಿಟ್ಟರು. ಸಿಕ್ಕಿಬಿದ್ದೆ ಎಂದುಕೊಂಡರು.

"ಆ ಕೊನೇ ಸಾಲು ನಂಗೇ ಸರಿ ಬಂದಿರ್ಲಿಲ್ಲ ಸಾರ್," ರಯೀಸನ ಕಣ್ಣು ಇನ್ನೂ ಒದ್ದೆಯಾಗಿತ್ತು. "ಹಾಡು ಸಲೀಸಾಗಿ ಹತ್ತಿ ಇಳಿದ್ಬುಡ್ತಿತ್ತು. ಅಲ್ಲಿ ದನಿ ಸಾಲ್ದೇ ಹೋಗ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ವಿದ್ಯೆ ಅಂದ್ರೆ ಇದು ಕಣ್ ಸಾರ್." ಆಮೇಲೆ ಪಂಕ್ತಿಗೆಲ್ಲ ಕೇಳುವಂತೆ ಕೂಗಿದ, "ಆ ಹಾಡಿನ ಜೀವ ಮೇಷ್ಟ್ರುದು ಕಣ್ರೀ, ನಂದಲ್ಲ!"

ಎಲ್ಲರೂ ತಿರುಗಿ ನೋಡಿದರು. ವಿದ್ವತ್ ಪಾಸಾದ ದಿನದಿಂದ ಮೇಷ್ಟ್ರು ಕಾದಿದ್ದದ್ದು ಈ ಒಂದು ನೋಟಕ್ಕೆ. ಅಷ್ಟರಲ್ಲಿ ಎದುರಿನ ಸಾಲಿನಿಂದ ಚೈತ್ರಶ್ರೀ ಬಿರುಕು ದನಿಯಲ್ಲಿ ಕೇಳಿದಳು:

"ನಂಗೆ ಆಗಲ್ಲ ಅಂತ ಗೊತ್ತಿದ್ದೇ ಮಾಡಿದ್ರಾ ಸಾರ್?"

"ಹೂಂ ಕಣವ್ವಾ," ಎಂದರು ಮೇಷ್ಟ್ರು. ಅಷ್ಟೂ ದಿನದಲ್ಲಿ ಅವರು ಆಡಿದ ನಿಜವಾದ ಮಾತು ಅದೊಂದೇ. ಪಂಕ್ತಿಗೆ ಪಂಕ್ತಿಯೇ ಎಂಜಲು ಕೈಯಲ್ಲಿ ಚಪ್ಪಾಳೆ ತಟ್ಟಿತು. ಚೈತ್ರಶ್ರೀ ಮಾತ್ರ ಗಂಟಲು ಹಿಡಿದುಕೊಂಡು ಅವರನ್ನೇ ನೋಡುತ್ತಾ ಕೂತಿದ್ದಳು.