ತಾತನ ವರ್ತಮಾನಕಾಲ

ರಬ್ಬರಿನಿಂದ ಉಜ್ಜಿದ ಹಾಳೆಯ ವಾಸನೆ ಮೂಗಿಗೆ ತಾಗಿದರೆ ಇಂದಿಗೂ ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕೋಲಾರದ ಚಿನ್ನದ ಗಣಿ ಮುಚ್ಚಿದ ವರ್ಷವದು. ಅಲ್ಲಿ ಬಹುಕಾಲ ದುಡಿದಿದ್ದ ತಾತ ನಮ್ಮಲ್ಲಿಗೆ ಬಂದಿದ್ದರು. ಬೀಗ ಹಾಕಿ ಹೊರಟರೆ ಗಣಿಯವರು ಕೊಟ್ಟ ಮನೆ ಕೈತಪ್ಪೀತೆಂದು ಅಜ್ಜಿ ಅಲ್ಲಿಯೇ ಉಳಿದಿದ್ದರು. ಶಾಲೆಗೆ ಬರೆಯಬೇಕಿದ್ದ ವರದಿಗಾಗಿ ತಾತ ಆ ಗಣಿಯೂರಿನ ಬಗ್ಗೆ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದೆ.

“ಬರ್ಕೊಳಮ್ಮ. ಎಲ್ರಿಗೂ ಕೆಲ್ಸ ಐತೆ. ದೊಡ್ಡಾಸ್ಪತ್ರೆ ಐತೆ. ಸಾಲಾಗಿ ಲೈನ್ ಮನೆಗಳವೆ.”

“ತಾತ, ಮೈನು ಕ್ಲೋಸ್ ಆಯ್ತಲ್ಲ! ‘ಐತೆ’ ಅಲ್ಲ, ‘ಇತ್ತು’. ಪಾಸ್ಟ್ ಟೆನ್ಸು.”

“ಓಹೋ, ಮೇಡಮ್ಮೋರು ಬಂದ್ರಪ್ಪ!” ತಾತ ನಕ್ಕರು. “ಸರಿ, ಕೆಲ್ಸ ಇತ್ತು.”

ನಾನು ಉತ್ಸಾಹದಿಂದ ಅಳಿಸಿ ತಿದ್ದಿದೆ.

“ಆಸ್ಪತ್ರೆ... ಇತ್ತು.” ಈ ಸಲ ಅವರು ನಗಲಿಲ್ಲ.

ಅದನ್ನೂ ತಿದ್ದಿದೆ. ರಬ್ಬರು ಮನೆಗಳ ಸಾಲಿಗೆ ಬಂದಾಗ ಅವರ ಒರಟು ಅಂಗೈ ಹಾಳೆಯನ್ನು ಮುಚ್ಚಿತು.

“ಅದೊಂದು ಬೇಡ, ತಾಯಿ. ನಿಮ್ಮಜ್ಜಿ ಒಳಗವ್ಳೆ.”

ಮುಂದಿನ ವಾರ ಟೀಚರು ಮನೆಗಳ ಸಾಲಿನ ಕ್ರಿಯಾಪದಕ್ಕೆ ಮಾತ್ರ ಕೆಂಪು ಸುತ್ತು ಹಾಕಿ, ಸರಿಪಡಿಸಿ ತರಲು ಹೇಳಿದರು. ನಾನು ತಿದ್ದಲಿಲ್ಲ.