ಒಪ್ಪಿಗೆ

ಅರಸನ ಆಳ್ವಿಕೆಯ ದೇಶವೊಂದಕ್ಕೆ ರಾಯಭಾರಿಯಾಗಿ ವಾರಿಜಾಳ ಹೆಸರು ಸೂಚಿಸಿ ಹದಿನಾಲ್ಕು ತಿಂಗಳಾಗಿತ್ತು. ಸಂಸದೀಯ ಸಮಿತಿ ಒಪ್ಪದೆ ಅವಳು ಹೊರಡುವಂತಿರಲಿಲ್ಲ. ಸಭೆ ಆರು ಸಲ ಮುಂದೆ ಹೋಗಿತ್ತು. ಅಲ್ಲಿ ಗಲ್ಲುಶಿಕ್ಷೆಯಾಗಿದ್ದ ತಮ್ಮ ದೇಶದ ಕೂಲಿಯೊಬ್ಬನ ಕ್ಷಮಾದಾನದ ಅರ್ಜಿಯನ್ನು ರಾಯಭಾರಿಯೇ ಅರಸನ ಕೈಗೆ ಕೊಡಬೇಕಿತ್ತು. ಅವನ ತಾಯಿ ವಾರವಾರವೂ ಫೋನ್ ಮಾಡಿ, "ಯಾವಾಗ ಹೊರಡ್ತೀರವ್ವಾ?" ಎನ್ನುತ್ತಿದ್ದಳು. "ಇನ್ನೇನು, ಮುಂದಿನ ವಾರ" ಎಂದು ಹೇಳಿ ಹೇಳಿ ವಾರಿಜಾಳಿಗೇ ನಾಚಿಕೆಯಾಗಿತ್ತು.

ಇಂದು ಸಮಿತಿ ಸೇರಿ, ಐದೇ ನಿಮಿಷದಲ್ಲಿ ಸದಸ್ಯರೆಲ್ಲರೂ ಒಪ್ಪಿಗೆಯೆಂದು ಕೈಯೆತ್ತಿದರು.

"ಅಭಿನಂದನೆಗಳು ಮೇಡಂ," ಎಂದು ಅಧ್ಯಕ್ಷರು ನಕ್ಕರು. "ಹೋದ ಕೂಡಲೇ ಮೊದಲ ಕೆಲಸ ಏನು?"

"ಆ ಕೂಲಿಯವನನ್ನ ಅವರಮ್ಮನ ಹತ್ರ ಕಳಿಸ್ಬೇಕು ಸರ್."

"ಓ, ಬಿಟ್ಬಿಟ್ರಾ?"

"ಇಲ್ಲ ಸರ್, ಮೊನ್ನೆ ಗಲ್ಲಿಗೆ ಹಾಕಿದ್ರು. ಹೆಣ ಕೊಡೋದಕ್ಕೂ ರಾಯಭಾರಿ ಸಹಿನೇ ಬೇಕಂತೆ."