ಹುಲ್ಲು ತುಂಬಿದ ಕರು

"ಹಾಲು ಹಿಂಡುವುದನ್ನು ನಾನು ಕಣ್ಣಾರೆ ನೋಡಲೇಬೇಕು" ಎಂದು ಪಟ್ಟು ಹಿಡಿದು, ಮುಂಬೈಯಿಂದ ಬಂದ ಪೇಣಕರ ಸಾಹೇಬರು ಬೆಳಬೆಳಗ್ಗೆ ಬೋರಗಾಂವದ ರುಕ್ಮವ್ವನ ಕೊಟ್ಟಿಗೆಗೆ ಹೊರಟರು. ಹೆಸರು ಎಝ್ರಾ, ಧರ್ಮ ಯಹೂದಿ, ಮನೆಮಾತು ಮಾತ್ರ ಅಚ್ಚ ಕೊಂಕಣಪಟ್ಟಿಯ ಮರಾಠಿ, ಕಲಿತ ಕನ್ನಡ ಪುಸ್ತಕದ್ದು. ಜೊತೆಗೆ ತುಪ್ಪದ ಕಾರಖಾನೆಯ ತವನಪ್ಪ. ಅವನ ತುಪ್ಪ ಇಸ್ರೇಲಿಗೆ ಹೋಗಬೇಕಾದರೆ ಯಹೂದಿಗಳ ಆಹಾರ ನಿಯಮಕ್ಕೆ ಸರಿಯಾಗಿದೆ ಎಂದು ಡಬ್ಬಿಯ ಮೇಲೆ ಈ ಸಾಹೇಬರ ಶಿಕ್ಕಾ, ಅಂದರೆ ಮುದ್ರೆ, ಬೀಳಬೇಕು. ಆ ಆಸೆಯಲ್ಲಿ ಹೆಂಡತಿ ಕಮಲಾಬಾಯಿಯ ಕೈಯ ಬಂಗಾರದ ಪಾಟಲಿಗಳು ಆಗಲೇ ಹೊಸ ಕಡಾಯಿಗಳಾಗಿ ಒಲೆಯ ಮೇಲೆ ಕೂತಿದ್ದವು.

ದಾರಿಯಲ್ಲಿ ಸಾಹೇಬರು, "ನಿಮ್ಮಲ್ಲಿ ಮಾಂಸದ ಪಾತ್ರೆ, ಹಾಲಿನ ಪಾತ್ರೆ ಬೇರೆ ಬೇರೆ ಇವೆಯೇ?" ಎಂದು ಕೇಳಿಬಿಟ್ಟರು. ಉಳ್ಳಾಗಡ್ಡಿಯನ್ನೇ ಹೊಸ್ತಿಲು ದಾಟಿಸದ ಜೈನ ಮನೆತನದ ತವನಪ್ಪನಿಗೆ ತಲೆ ಗಿರ್ರೆಂದಿತು. ಆದರೂ ಶಿಕ್ಕಾ ನೆನೆದು ಸಿಟ್ಟು ನುಂಗಿದ.

"ಅಲ್ರಿ ಸಾಹೇಬ್ರ, ಹಾಲು ಮಾಂಸ ಕೂಡಿಸಬಾರದು ಅಂತೀರಿ. ಅದಕ್ಕ ಕಾರಣ ಏನ್ರಿ?"

"ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಅಂತ ಗ್ರಂಥದಲ್ಲಿದೆ. ಕಾರಣ ಬರೆದಿಲ್ಲ. ದಯೆ ಅಂತ ಕೆಲವರು, ಆರೋಗ್ಯ ಅಂತ ಕೆಲವರು. ಹಿಂದೆ ಯಾರೋ ಹಾಗೆ ಬೇಯಿಸಿ ಪೂಜೆ ಮಾಡುತ್ತಿದ್ದರು, ಅದಕ್ಕೇ ಬೇಡ ಅಂದರು ಅಂತ ಇನ್ನು ಕೆಲವರು. ಸುಮ್ಮನೆ ಪಾಲಿಸು ಅಂತ ನಮ್ಮಜ್ಜ."

"ನಾವೂ ಹಸಿ ಮೊಸರಿಗೆ ಕಡ್ಲಿಹಿಟ್ಟು ಕೂಡ್ಸಂಗಿಲ್ರಿ. ಆದ್ರ ನಮ್ಮದಕ್ಕ ಕಾರಣ ಐತಿ. ಬಾಯಾಗ ಎಂಜಲು ಹತ್ತಿದ ಕೂಡ್ಲೇ ಕಣ್ಣಿಗೆ ಕಾಣದ ಜೀವ ಹುಟ್ಟತಾವು."

"ನೀವು ಪುಣ್ಯವಂತರು, ಕಾರಣ ಸಿಕ್ಕಿದೆ" ಎಂದು ಸಾಹೇಬರು ನಕ್ಕರು. "ಮಾಂಸ ತಿಂದರೆ ಹಾಲಿಗೆ ಕೆಲವು ತಾಸು ಕಾಯಬೇಕು. ನಾನಿವತ್ತು ಮಾಂಸ ಮುಟ್ಟಿಲ್ಲ. ಗಟ್ಟಿ ಹಾಲಿನ ಚಹಾ ಕುಡಿದೇ ಅಲ್ಲಿಂದ ಏಳುವವನು."

ಕೊಟ್ಟಿಗೆಯಲ್ಲಿ ರುಕ್ಮವ್ವ ಎಮ್ಮೆಯ ಕೆಚ್ಚಲು ತೊಳೆದಳು. ಮೂಲೆಯಲ್ಲಿದ್ದ ಕರುವನ್ನು ಬಗಲಲ್ಲಿ ಎತ್ತಿ ತಂದು ಎಮ್ಮೆಯ ಮೋರೆಯ ಮುಂದೆ ನಿಲ್ಲಿಸಿದಳು. ಕರುವಿಗೆ ಕಣ್ಣಿರಲಿಲ್ಲ. ಹೊಟ್ಟೆಯ ಹೊಲಿಗೆಯಿಂದ ಹುಲ್ಲು ಹೊರಬಂದಿತ್ತು. ಎಮ್ಮೆ ಅದನ್ನು ನೆಕ್ಕತೊಡಗಿತು, ಬಕೀಟಿನಲ್ಲಿ ಹಾಲು ಸದ್ದು ಮಾಡಿತು.

"ನಿಲ್ಲಿಸಿ! ಏನದು?" ಸಾಹೇಬರು ಕೂಗಿದರು.

"ಇದರ ಕರಾ ರೀ. ಹುಟ್ಟಿದ ವಾರದಾಗ ಸತ್ತು ಹೋತು. ತೊಗಲಾಗ ಹುಲ್ಲು ತುಂಬೇನಿ. ಮುಂದ ನಿಲ್ಲಿಸಿದ್ರ ಹಾಲು ಬಿಡತೈತಿ, ಇಲ್ಲಾಂದ್ರ ಒದಿತೈತಿ" ಎಂದಳು ರುಕ್ಮವ್ವ, ಹಿಂಡುವ ಕೈ ನಿಲ್ಲಿಸಿ.

ತವನಪ್ಪ ನಡುವೆ ಬಾಯಿ ಹಾಕಿದ. "ಅದು ಬರೇ ತೊಗಲ ಅದ್ರಿ ಸಾಹೇಬ್ರ! ಮಾಂಸ ಎಲ್ಲೈತ್ರಿ ಅದರಾಗ? ಎಲುಬಿಲ್ಲ, ಕರುಳಿಲ್ಲ..." ಜನ್ಮದಲ್ಲಿ ಕಟುಕರ ಓಣಿ ಹೊಕ್ಕಿರದವನು ಮಾಂಸ ಯಾವುದು, ಮಾಂಸ ಅಲ್ಲದ್ದು ಯಾವುದು ಎಂದು ಪಾಠ ಹೇಳತೊಡಗಿದ. ಪಾಪ, ಪಾಟಲಿಗಳು ಅವನ ಬಾಯಲ್ಲಿ ಕೂತು ಮಾತಾಡಿಸುತ್ತಿದ್ದವು.

ಸಾಹೇಬರು ಒಪ್ಪಲಿಲ್ಲ. ಕರುವನ್ನು ಎತ್ತಿ ಎದೆಗಾನಿಸಿಕೊಂಡು, ತಿರುಗಿಸಿ, ಒತ್ತಿ, ಮೂಸಿ ನೋಡಿದರು. "ಕಿವಿಯ ಬುಡದಲ್ಲಿ ಒಣಗಿದ ಮಾಂಸ ಉಳಿದಿದೆ. ಕರುವಿನ ಮಾಂಸ ಇಲ್ಲಿ, ಅದರ ತಾಯಿಯ ಹಾಲು ಅಲ್ಲಿ. ಎರಡೂ ಒಂದೇ ಕಡೆ ಬೇಡ" ಎಂದು, ಬೇರೆಯವರನ್ನು ನಂಬದೆ ತಾವೇ ಅಪ್ಪಿಕೊಂಡು ಹೋಗಿ ಹಿತ್ತಲಿನ ಬಣವೆಯ ಹಿಂದೆ ಇಟ್ಟು ಬಂದರು.

ಅಷ್ಟರಲ್ಲಿ ಎಮ್ಮೆ ಹಾಲನ್ನು ಕೆಚ್ಚಲೊಳಗೇ ಏರಿಸಿಕೊಂಡು, ಬಕೀಟನ್ನು ಒದ್ದು ಉರುಳಿಸಿತ್ತು. ತವನಪ್ಪ ಅದರ ಕೆಚ್ಚಲ ಬಳಿ ಕೈಮುಗಿದು ನಿಂತಿದ್ದ. "ಬಿಡವ್ವಾ, ಇದೊಂದ ಸಲ ಬಿಡು. ಹಾಲು ಬರಲಿಲ್ಲಂದ್ರ ಶಿಕ್ಕಾ ಇಲ್ಲ, ಶಿಕ್ಕಾ ಇಲ್ಲಂದ್ರ ನಾ ಮನಿಗೆ ಹೋಗಂಗಿಲ್ಲ." ಎಮ್ಮೆ ಬಾಲ ಬೀಸಿ ಅವನ ಕಪಾಳಕ್ಕೆ ಒಂದು ಕೊಟ್ಟಿತು.

ಆಗ ಸಾಹೇಬರು ಒಳಗೆ ಬಂದರು. ಎಮ್ಮೆ ಮೂಗರಳಿಸಿತು. ಹಗ್ಗ ಜಗ್ಗಿ ಕತ್ತು ಚಾಚಿ ಸಾಹೇಬರ ಕೋಟು ಮೂಸಿತು, ಮತ್ತೆ ಮೂಸಿತು, ಆಮೇಲೆ ಉದ್ದ ನಾಲಗೆ ತೆಗೆದು ಹೊಟ್ಟೆಯಿಂದ ಕಾಲರಿನ ತನಕ ನೆಕ್ಕಿತು.

"ಅಲುಗಾಡಬ್ಯಾಡ್ರಿ ಸಾಹೇಬ್ರ! ಹಾಲು ಬಿಟ್ಳು ನೋಡ್ರಿ!" ಎಂದು ರುಕ್ಮವ್ವ ಬಕೀಟು ಎಳೆದುಕೊಂಡು ಕೂತಳು. ಸಾಹೇಬರು ಕೈ ಎತ್ತಿಕೊಂಡು ಕಂಬದಂತೆ ನಿಂತರು. ಎಮ್ಮೆ ಕಣ್ಣು ಅರೆಮುಚ್ಚಿ ಅವರ ಎದೆ ನೆಕ್ಕಿತು, ತೋಳು ನೆಕ್ಕಿತು, ನಡುನಡುವೆ ಗಂಟಲೊಳಗೇ ಏನೋ ಹೇಳಿತು. ಬಕೀಟು ನೊರೆಯೊಡನೆ ತುಂಬಿತು.

"ಸಾಹೇಬ್ರ, ಈ ಹಾಲು ನಡಿತೈತಿಲ್ರಿ?" ತವನಪ್ಪ ಹೆದರುತ್ತಲೇ ಕೇಳಿದ.

"ನಡೆಯುತ್ತದೆ. ಮಾಂಸ ಹತ್ತಿರ ಇರಲಿಲ್ಲ. ಶಿಕ್ಕಾ ಹಾಕುತ್ತೇನೆ." ಸಾಹೇಬರ ದನಿ ಸಣ್ಣಗಿತ್ತು.

ತವನಪ್ಪ ಖುಷಿಯಿಂದ ಎಮ್ಮೆಗೂ ಸಾಹೇಬರಿಗೂ ಒಟ್ಟಿಗೇ ಕೈಮುಗಿದ. ರುಕ್ಮವ್ವ ಅದೇ ಹಾಲಿನಲ್ಲಿ ಚಹಾ ಕುದಿಸಿ ತಂದಳು. ಕಪ್ಪಿನ ಮೇಲೆ ಕೆನೆ ಕಟ್ಟುತ್ತಿತ್ತು. ಸಾಹೇಬರು ಅದನ್ನು ತುಟಿಯ ತನಕ ಒಯ್ದವರು ಹಾಗೇ ಕಟ್ಟೆಯ ಮೇಲೆ ಇಟ್ಟರು.

"ಯಾಕ್ರಿ? ಮಾಂಸ ತಿಂದಿಲ್ಲ ಅಂದ್ರಲ್ಲ?" ತವನಪ್ಪ ಕೇಳಿದ.

"ತಿಂದಿಲ್ಲ."

"ಮತ್ತ ಕುಡಿಯಾಕ ಏನ್ರಿ? ಕಾರಣ ಹೇಳ್ರಿ."

ಸಾಹೇಬರು ತೊಯ್ದ ಕೋಟಿನ ತೋಳು ನೋಡಿಕೊಂಡರು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗಿ ನಿಂತು, ಅವರತ್ತಲೇ ಮೋರೆ ಮಾಡಿ ಸಣ್ಣಗೆ ಕೂಗಿತು.

"ಕುಡೀರಿ ಸಾಹೇಬ್ರ" ಎಂದಳು ರುಕ್ಮವ್ವ, "ಇವತ್ತಿನ ಹಾಲು ಆಕಿ ನಿಮಗಂತನ ಬಿಟ್ಟಾಳ."